ಮರೆವಿಗೊಂದು ಅಳತೆಗೋಲು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದು ಸಹಜ, ಅದಕ್ಕೆ ಮದ್ದೂ ಇಲ್ಲ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾದುದೂ ಇಲ್ಲ ಎಂಬ ಸಮಾಧಾನವನ್ನು ಈ ಗಾದೆ ನಮ್ಮ ಮನೆಗಳಿಗೆ ತಲೆಮಾರುಗಳಿಂದ ಕೊಡುತ್ತ ಬಂದಿದೆ. ಹಿಂದಿಯವರಲ್ಲಿಯೂ ಅರವತ್ತರ ಲೆಕ್ಕವನ್ನೇ ಹಿಡಿದು ಹುಟ್ಟಿದ ‘ಸಠಿಯಾನಾ’ ಎಂಬ ಮಾತಿದೆ. ಬೇಂದ್ರೆಯವರು ‘ಅರಳು ಮರಳು’ ಎಂದೇ ತಮ್ಮ ಕವನಸಂಗ್ರಹಕ್ಕೆ ಹೆಸರಿಟ್ಟರು. ಅದಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಹೂವು ಅರಳುವುದೂ ಹೋದದ್ದು ಮರಳುವುದೂ ಆ ಎರಡು ಪದಗಳಲ್ಲಿ ಅಡಗಿರುವುದನ್ನು ಕವಿಯ ಕಿವಿ ಕೇಳಿಸಿಕೊಂಡಿತು. ಆದರೆ ಕವಿಗೆ ಒದಗಿದ ಶ್ಲೇಷೆ ಸಂಸಾರಿಗಳಿಗೆ ಒದಗುವುದಿಲ್ಲ. ಉಂಡ ಕೈ ಒಣಗುವ ಮೊದಲೇ ‘ನನಗೆ ಯಾರೂ ಊಟ ಹಾಕಲಿಲ್ಲ’ ಎಂದು ಗೋಳಾಡುವ ಹಿರಿಯರಿರುವ ಮನೆಯಲ್ಲಿ ಗಾದೆಯ ಸಮಾಧಾನ ಬಹಳ ದಿನ ನಿಲ್ಲದು.

ಮರೆವಿನಲ್ಲಿ ಎರಡು ಬಗೆ ಉಂಟೆಂಬುದನ್ನು ಅನುಭವಸ್ಥರೆಲ್ಲರೂ ಬಲ್ಲರು. ಬಂದವರ ಹೆಸರು ನಾಲಗೆಯ ತುದಿಗೆ ಬಂದು ನಿಂತು, ಅವರು ಹೋದ ಮೇಲೆ ನೆನಪಾಗುವುದು ಒಂದು ಬಗೆ. ಅವರು ಬಂದಿದ್ದರೆಂಬುದೇ ಅಳಿಸಿಹೋಗುವುದು ಇನ್ನೊಂದು. ಮೊದಲನೆಯದು ವಯಸ್ಸಿನ ಕಾಣಿಕೆ. ಎರಡನೆಯದು ರೋಗದ ಸುಳಿವು. ಇವೆರಡರ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ಒಂದು ಶತಮಾನಕ್ಕೂ ಮಿಕ್ಕದ್ದು. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಪ್ರಶ್ನೆ ಇಂಗ್ಲೆಂಡು, ಅಮೆರಿಕ, ಚೀನ, ಜಪಾನ್, ನೈಜೀರಿಯಗಳನ್ನು ಸುತ್ತಿ ನಮ್ಮ ಹಳ್ಳಿಗಳಿಗೂ ಬಂದಿದೆ. ಅಲೆದಾಡಿದಂತೆಲ್ಲ ಅದರ ರೂಪ ಬದಲಾಯಿತು. ಆ ಬದಲಾವಣೆಯೇ ನನಗೆ ಇಲ್ಲಿ ಮುಖ್ಯವಾಗಿ ಹೇಳಬೇಕಾದುದು.

೧೯೦೧ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಚಿಕಿತ್ಸಾಲಯಕ್ಕೆ ಆಗಸ್ಟೆ ಡೆಟರ್ ಎಂಬ ೫೧ ವರ್ಷದ ಹೆಂಗಸನ್ನು ಕರೆತಂದರು. ಅಲ್ಲಿದ್ದ ವೈದ್ಯ ಅಲೋಯಿಸ್ ಆಲ್ಝೈಮರ್ ಆಕೆಯ ಮುಂದೆ ಕುಳಿತು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಒಂದೂ ಬಿಡದೆ ಬರೆದುಕೊಂಡ. ಹೆಸರೇನೆಂದರೆ ಆಗಸ್ಟೆ ಎಂದಳು. ಮನೆತನದ ಹೆಸರು ಕೇಳಿದರೂ ಆಗಸ್ಟೆ. ಗಂಡನ ಹೆಸರು ಕೇಳಿದರೂ ಅದೇ. ಪೆನ್ಸಿಲು, ಲೇಖನಿ, ಹಣದ ಚೀಲ, ಬೀಗದ ಕೈ, ದಿನಚರಿ ಪುಸ್ತಕ, ಚುಟ್ಟಾ—ಇವನ್ನು ಒಂದೊಂದಾಗಿ ತೋರಿಸಿದಾಗ ಎಲ್ಲದರ ಹೆಸರನ್ನೂ ಸರಿಯಾಗಿಯೇ ಹೇಳಿದಳು. ಸ್ವಲ್ಪ ಹೊತ್ತು ಕಳೆದು, ನಿನಗೆ ಏನೇನು ತೋರಿಸಿದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಕಣ್ಣಿಗೆ ದೋಷವಿಲ್ಲ, ಮಾತಿಗೆ ದೋಷವಿಲ್ಲ. ಆದರೆ ಒಳಗೆ ಹೋದುದು ಅಲ್ಲಿ ನಿಲ್ಲುತ್ತಿರಲಿಲ್ಲ. ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುವ ನೆನಪಿನ ಪರೀಕ್ಷೆಗಳ ತಿರುಳೆಲ್ಲ ಆ ಆರು ವಸ್ತುಗಳಲ್ಲಿಯೇ ಇದ್ದಿತು.

ಆಕೆ ೧೯೦೬ರ ಏಪ್ರಿಲಿನಲ್ಲಿ ತೀರಿಕೊಂಡಳು. ಆಲ್ಝೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ನರಕೋಶಗಳ ನಡುವೆ ಮಚ್ಚೆಗಳನ್ನೂ ಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡ. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ವೈದ್ಯಸಭೆಯಲ್ಲಿ ಅದನ್ನು ವಿವರಿಸಿದ. ೧೯೧೦ರಲ್ಲಿ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಆ ರೋಗಕ್ಕೆ ಆಲ್ಝೈಮರನ ಹೆಸರನ್ನೇ ಇಟ್ಟ. ಆಕೆಯ ಪ್ರಶ್ನೋತ್ತರಗಳ ಕಡತ ಮಾತ್ರ ಕಣ್ಮರೆಯಾಗಿದ್ದು, ೧೯೯೫ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೇ ಮತ್ತೆ ದೊರೆಯಿತು. ಮರೆವಿನ ಮೊದಲ ದಾಖಲೆಯನ್ನೇ ಜಗತ್ತು ಅಷ್ಟು ದಿನ ಮರೆತಿದ್ದಿತು!

ನೆನಪನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿ ಅದಕ್ಕೂ ಹಿಂದಿನದು. ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂಬುದನ್ನು ೧೮೮೫ರಲ್ಲಿ ಪ್ರಕಟಿಸಿದ. ೧೮೮೭ರಲ್ಲಿ ಜೋಸೆಫ್ ಜೇಕಬ್ಸ್ ಎಂಬಾತ ಅಂಕಿಗಳನ್ನು ಒಂದಾದಮೇಲೊಂದರಂತೆ ಹೇಳಿ, ವಿದ್ಯಾರ್ಥಿಗಳು ಎಷ್ಟನ್ನು ತಪ್ಪಿಲ್ಲದೆ ಮರಳಿ ಒಪ್ಪಿಸಬಲ್ಲರೆಂದು ಪರೀಕ್ಷಿಸಿದ. ಭಾರತದ ಕಿನ್ನರಕಥೆಗಳನ್ನು ಕೂಡಿಸಿ ೧೮೯೨ರಲ್ಲಿ ಪುಸ್ತಕ ಹೊರಡಿಸಿದ ಜೇಕಬ್ಸನೂ ಈತನೇ. ೧೯೦೫ರಲ್ಲಿ ಪ್ಯಾರಿಸಿನ ಬಿನೆ ಮಕ್ಕಳ ಬುದ್ಧಿಯನ್ನು ಅಳೆಯಲು ಹೊರಟಾಗ ಅಂಕಿಗಳನ್ನು ಒಪ್ಪಿಸುವುದನ್ನು ತನ್ನ ಪರೀಕ್ಷೆಯಲ್ಲಿ ಸೇರಿಸಿಕೊಂಡ. ಆ ಪರೀಕ್ಷೆಯ ಅಮೆರಿಕನ್ ರೂಪವನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿ ೧೯೩೪ರಲ್ಲಿ ಸಿದ್ಧಪಡಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರು ನಮ್ಮ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಈಗಲೂ ಪರಿಚಿತವಾದುದು. ಹೊರಗಿನಿಂದ ಬಂದ ಅಳತೆಗೋಲನ್ನು ಇಲ್ಲಿಯ ನೆಲಕ್ಕೆ ಹೊಂದಿಸಿಕೊಳ್ಳದೆ ಬಳಸಲಾಗದೆಂಬ ಅರಿವು ಕನ್ನಡ ನಾಡಿಗೆ ಹೊಸದಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಕೇಳಿದ ಐದಾರು ಅಂಕಿಗಳನ್ನು ಕೇಳಿದೊಡನೆಯೇ ಒಪ್ಪಿಸುವ ಶಕ್ತಿ ಆಲ್ಝೈಮರ್ ರೋಗದ ಆರಂಭದಲ್ಲಿ ಬಹುಮಟ್ಟಿಗೆ ಉಳಿದಿರುತ್ತದೆ. ಮನಸ್ಸು ಬೇರೆ ಕಡೆ ಹರಿದು ಐದು ನಿಮಿಷ ಕಳೆದ ಮೇಲೆ ಅದನ್ನು ಮರಳಿ ತರುವ ಶಕ್ತಿಯೇ ಮೊದಲು ಕೆಡುವುದು. ಹೊಸ ಅನುಭವವನ್ನು ನೆನಪಾಗಿ ನೆಲೆಗೊಳಿಸುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಈ ರೋಗ ಮೊದಲೇ ಕೈ ಹಾಕುವುದು ಇದಕ್ಕೆ ಕಾರಣ. ನಲವತ್ತು ವರ್ಷದ ಹಿಂದಿನ ಮದುವೆಯ ಊಟವನ್ನು ಬಣ್ಣಿಸುವ ಹಿರಿಯರಿಗೆ ಬೆಳಗಿನ ಉಪಾಹಾರ ನೆನಪಿಲ್ಲದಿರುವುದು ಹೀಗೆ. ‘ಹಳೆಯದೆಲ್ಲ ಚೆನ್ನಾಗಿ ನೆನಪಿದೆ, ಅವರಿಗೇನೂ ಆಗಿಲ್ಲ’ ಎಂದು ಮನೆಯವರು ಮೋಸಹೋಗುವುದೂ ಹೀಗೆಯೇ.

ಮುಪ್ಪಿನ ಮರೆವನ್ನೇ ಗುರಿಯಾಗಿಟ್ಟ ಪರೀಕ್ಷೆ ಬಂದದ್ದು ಇಂಗ್ಲೆಂಡಿನ ನ್ಯೂಕಾಸಲ್ ನಗರದಿಂದ. ಬ್ಲೆಸೆಡ್, ಟಾಮ್ಲಿನ್‌ಸನ್, ರಾತ್ ಎಂಬ ಮೂವರು ಮುದುಕರನ್ನು ಅವರು ಬದುಕಿರುವಾಗ ಪ್ರಶ್ನೆಗಳಿಂದ ಪರೀಕ್ಷಿಸಿ, ಸತ್ತ ಮೇಲೆ ಮಿದುಳಿನ ಮಚ್ಚೆಗಳನ್ನು ಎಣಿಸಿದರು. ಮಚ್ಚೆ ಹೆಚ್ಚಿದಂತೆ ಅಂಕ ಇಳಿದಿದೆಯೆಂದು ೧೯೬೮ರಲ್ಲಿ ತೋರಿಸಿಕೊಟ್ಟರು. ಮುಪ್ಪಿನ ಮರೆವಿಗೆ ದೈಹಿಕವಾದ ಬೇರುಂಟೆಂದು ಅಳತೆಯಿಂದ ಸ್ಥಾಪಿಸಿದ ಮಹತ್ವದ ಕೆಲಸವದು. ಅವರ ಪ್ರಶ್ನೆಗಳಲ್ಲಿ ಎರಡು ಮಹಾಯುದ್ಧಗಳ ವರ್ಷಗಳಿದ್ದವು, ರಾಜ ಅಥವಾ ರಾಣಿಯ ಹೆಸರಿದ್ದಿತು. ಐದು ನಿಮಿಷ ನೆನಪಿನಲ್ಲಿಟ್ಟುಕೊಳ್ಳಲು ವೆಸ್ಟ್ ಸ್ಟ್ರೀಟಿನ ೪೨ನೆಯ ಮನೆಯ ಜಾನ್ ಬ್ರೌನ್ ಎಂಬಾತನ ವಿಳಾಸವೂ ಇದ್ದಿತು. ನ್ಯೂಕಾಸಲ್ಲಿನ ಮುದುಕನಿಗೆ ಇವು ಮನೆಯ ಮಾತು. ಮಂಡ್ಯದ ಮುದುಕನಿಗೆ?

೧೯೭೫ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿಗಳೂ ಮೆಕ್‌ಹ್ಯೂ ಎಂಬವರೂ ಕೂಡಿ ಹತ್ತು ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆಯೊಂದನ್ನು ಪ್ರಕಟಿಸಿದರು. ‘ಮಿನಿ ಮೆಂಟಲ್’ ಎಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಹೆಸರಾದ ಇದಕ್ಕೆ ಒಟ್ಟು ೩೦ ಅಂಕ. ೨೪ಕ್ಕಿಂತ ಕಡಿಮೆ ಬಂದರೆ ಸಂಶಯಪಡಬೇಕೆಂಬುದು ವಾಡಿಕೆಯಾಯಿತು. ಇಂದು ಯಾವ ತಾರೀಕು, ಯಾವ ಇಸವಿ, ಯಾವ ಋತು, ನಾವಿರುವುದು ಯಾವ ಮಹಡಿ ಎಂಬ ಪ್ರಶ್ನೆಗಳು. ಮೂರು ಪದಗಳನ್ನು ಕೇಳಿ ಆಮೇಲೆ ನೆನೆಸುವುದು. ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದು. ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿ ಹಾಗೆ ಮಾಡುವುದು. ಒಂದು ವಾಕ್ಯ ಬರೆಯುವುದು. ಒಂದರೊಳಗೊಂದು ಸೇರಿದ ಎರಡು ಪಂಚಕೋನಗಳನ್ನು ನೋಡಿ ಬಿಡಿಸುವುದು. ಉಪಕರಣ ಬೇಡ, ಆಗ ಖರ್ಚೂ ಇರಲಿಲ್ಲ, ದಾದಿಯೂ ಮಾಡಬಹುದು. ಇದು ಜಗತ್ತನ್ನೆಲ್ಲ ಹಬ್ಬಿದುದರಲ್ಲಿ ಸೋಜಿಗವೇನೂ ಇಲ್ಲ.

ಆದರೆ ಅಂಕಗಳ ಹಂಚಿಕೆಯನ್ನು ಬಿಡಿಸಿ ನೋಡಿ. ಲೆಕ್ಕ, ಓದು, ಬರಹ, ಚಿತ್ರ—ಈ ನಾಲ್ಕಕ್ಕೆ ೮ ಅಂಕ. ಸ್ವಲ್ಪ ಹೊತ್ತಿನ ಮೇಲೆ ಮೂರು ಪದಗಳನ್ನು ನೆನೆಸುವುದಕ್ಕೆ ೩ ಅಂಕ. ಮರೆವನ್ನು ಹುಡುಕಲೆಂದು ಹೊರಟ ಪರೀಕ್ಷೆ ನೆನಪಿಗೆ ಕೊಟ್ಟುದಕ್ಕಿಂತ ಹೆಚ್ಚಿನ ಅಂಕವನ್ನು ಶಾಲೆಗೆ ಕೊಟ್ಟಿದೆ!

ಇದರ ಫಲವೇನೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ. ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಪ್ಪ ದೊಡ್ಡಮ್ಮ ಇಬ್ಬರನ್ನೂ ಒಂದೇ ದಿನ ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ದೊಡ್ಡಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ದೊಡ್ಡಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲು ಮೊಸರು ಮಾರಿ, ಪಾವು ಸೇರುಗಳ ಲೆಕ್ಕವನ್ನೆಲ್ಲ ತಲೆಯಲ್ಲಿಯೇ ಇಟ್ಟುಕೊಂಡು ಸಂಸಾರ ತೂಗಿಸಿದವರು. ತರುಣ ವೈದ್ಯ ಇಬ್ಬರಿಗೂ ಅದೇ ಹಾಳೆಯ ಪ್ರಶ್ನೆಗಳನ್ನು ಕೇಳಿದ. “ಅಮ್ಮಾ, ಇವತ್ತು ತಾರೀಕೆಷ್ಟು?” ಎಂದರೆ ದೊಡ್ಡಮ್ಮ, “ದಶಮಿ ಅಲ್ವೇನಪ್ಪಾ, ನಾಳೆ ನನಗೆ ಉಪವಾಸ” ಎಂದರು. ಅದಕ್ಕೆ ಸೊನ್ನೆ. ಇಸವಿಗೆ ಸೊನ್ನೆ. ಮಹಡಿಗೆ ಸೊನ್ನೆ, ಲಿಫ್ಟಿನಲ್ಲಿ ಬಂದವರಿಗೆ ಅದು ಹೇಗೆ ಗೊತ್ತಾಗಬೇಕು? ಇಂಗ್ಲಿಷಿನಿಂದ ಹೇಗೋ ಕನ್ನಡಿಸಿದ ಅಸಂಬದ್ಧ ವಾಕ್ಯವೊಂದನ್ನು ಹೇಳಿದಂತೆಯೇ ಹೇಳಬೇಕೆಂದಾಗ ಅವರು ನಕ್ಕು ಸುಮ್ಮನಾದರು. ಲೆಕ್ಕ, ಓದು, ಬರಹ, ಚಿತ್ರದ ಎಂಟೂ ಹೋದವು. ಮೂರು ಪದಗಳನ್ನು ಮಾತ್ರ ಥಟ್ಟನೆ ಹೇಳಿದರು. ಬಂದ ಅಂಕ ೧೮. ದೊಡ್ಡಪ್ಪನವರು ಏಳೇಳನ್ನು ಪಟಪಟನೆ ಕಳೆದರು, ಮುತ್ತಿನಂಥ ಅಕ್ಷರದಲ್ಲಿ ವಾಕ್ಯ ಬರೆದರು. ಮೂರು ಪದಗಳಲ್ಲಿ ಮಾತ್ರ ಒಂದೂ ಬರಲಿಲ್ಲ. ಅಂಕ ೨೭. ಅವರಿಗೇನೂ ಇಲ್ಲ, ಅಮ್ಮನವರಿಗೇ ಚಿಕಿತ್ಸೆ ಬೇಕು ಎಂದು ತೀರ್ಪಾಯಿತು. ಅದಾಗಲೇ ದೊಡ್ಡಪ್ಪನವರು ದೇವಸ್ಥಾನದಿಂದ ಬರುವಾಗ ತಮ್ಮ ಬೀದಿಯಲ್ಲಿಯೇ ಎರಡು ಬಾರಿ ದಾರಿ ತಪ್ಪಿದ್ದರು. “ನನಗೆ ಲೆಕ್ಕ ಬರೋದಿಲ್ಲ ಅಂತ ಕಾಯಿಲೆ ಅಂದರೇನಪ್ಪ?” ಎಂದು ದೊಡ್ಡಮ್ಮ ಆಟೋದಲ್ಲಿ ಕುಳಿತು ಕೇಳಿದರು. ಒಬ್ಬರಿಗೆ ಇಲ್ಲದ ರೋಗ ಬಂದಿತು. ಇನ್ನೊಬ್ಬರ ಇದ್ದ ರೋಗ ಮತ್ತೊಂದು ವರ್ಷ ಮರೆಯಲ್ಲಿ ಬೆಳೆಯಿತು.

ನೆನಪು ಬದುಕಿನ ಜೊತೆ ಹೆಣೆದುಕೊಂಡಿರುವುದೆಂಬುದನ್ನು ಪಂಡಿತರು ಮೊದಲೇ ಕಂಡಿದ್ದರು. ಕೇಂಬ್ರಿಜ್ಜಿನ ಬಾರ್ಟ್ಲೆಟ್ ೧೯೩೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆಫ್ರಿಕದ ಸ್ವಾಜಿ ಜನರ ದನಗಾಹಿಯೊಬ್ಬನ ಸಂಗತಿ ಹೇಳುತ್ತಾನೆ. ವರ್ಷದ ಹಿಂದೆ ಕೊಂಡ ದನಗಳ ಬಣ್ಣ, ಗುರುತು, ಬೆಲೆ ಎಲ್ಲವನ್ನೂ ಆತ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಿದ. ಆದರೆ ದನಕ್ಕೆ ಸಂಬಂಧವಿಲ್ಲದ ವಿಷಯದಲ್ಲಿ ಸ್ವಾಜಿಗಳ ನೆನಪು ಇತರರದರಂತೆಯೇ ಇದ್ದಿತು. ಮೈಕೇಲ್ ಕೋಲ್ ಮತ್ತು ಜೊತೆಗಾರರು ಲೈಬೀರಿಯದ ಕ್ಪೆಲ್ಲೆ ಜನರಲ್ಲಿ ಪದಪಟ್ಟಿಯ ಪರೀಕ್ಷೆ ನಡೆಸಿ ೧೯೭೧ರಲ್ಲಿ ವಿವರ ಕೊಟ್ಟರು. ಬರಿಯ ಪಟ್ಟಿಯಾಗಿ ಹೇಳಿದಾಗ ಶಾಲೆ ಕಾಣದವರು ಹಿಂದೆ ಬಿದ್ದರು. ಅವೇ ಪದಗಳನ್ನು ಕಥೆಯಲ್ಲಿ ಪೋಣಿಸಿದಾಗ ಚೆನ್ನಾಗಿ ನೆನೆದರು. ನಮಗೆ ಇದು ಹೊಸ ಮಾತೇ? ರಾತ್ರಿಯೆಲ್ಲ ಮಾದೇಶ್ವರನ ಕಾವ್ಯವನ್ನು ಹಾಡುವ ಕಂಸಾಳೆಯವರನ್ನು ಕೂರಿಸಿ, ಹೊಂದಿಕೆಯಿಲ್ಲದ ಹತ್ತು ಪದಗಳನ್ನು ಹೇಳಿ ಒಪ್ಪಿಸೆಂದರೆ ಅವರ ನೆನಪಿನ ಯಾವ ಭಾಗವನ್ನು ಅಳೆದಂತಾಯಿತು? ಬಿಡಿ ಪದಗಳನ್ನು ಉರುಹೊಡೆಯುವುದೇ ಶಾಲೆ ಕಲಿಸಿದ ಒಂದು ಕಸುಬು.

ಪರೀಕ್ಷೆಯನ್ನು ತಮ್ಮ ಜನಕ್ಕೆ ಹೊಂದಿಸಿಕೊಂಡವರ ಕಥೆ ಇಲ್ಲಿಂದ ಆರಂಭವಾಗುತ್ತದೆ. ೧೯೮೦ರ ದಶಕದಲ್ಲಿ ಶಾಂಘೈ ನಗರದಲ್ಲಿ ಚೀನೀ ವೈದ್ಯರೂ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ನರೂ ಕೂಡಿ ೫,೦೫೫ ಮಂದಿ ಹಿರಿಯರನ್ನು ಪರೀಕ್ಷಿಸಿದರು. ಇಂಗ್ಲಿಷಿನ ‘ನೋ ಇಫ್ಸ್, ಆಂಡ್ಸ್ ಆರ್ ಬಟ್ಸ್’ ಎಂಬ ನಾಲಗೆ ತಡವರಿಸುವ ವಾಕ್ಯಕ್ಕೆ ಚೀನೀಯಲ್ಲಿ ಅರ್ಥವಿಲ್ಲ. ಅವರು ಅದನ್ನು ಕೈಬಿಟ್ಟು ‘ನಲವತ್ತನಾಲ್ಕು ಕಲ್ಲಿನ ಸಿಂಹಗಳು’ ಎಂಬ, ಆ ಭಾಷೆಯಲ್ಲಿ ಅಷ್ಟೇ ತೊಡಕಾದ ಮಾತನ್ನು ಇಟ್ಟರು. ಭಾಷಾಂತರವೆಂದರೆ ಇದು! ಅದಕ್ಕಿಂತ ಮುಖ್ಯವಾದುದು, ಒಂದೇ ಗೆರೆಯನ್ನು ಎಲ್ಲರಿಗೂ ಎಳೆಯದೆ ಹೋದದ್ದು. ಶಾಲೆ ಕಾಣದವರಿಗೆ ೧೭, ಪ್ರಾಥಮಿಕ ಶಾಲೆ ಓದಿದವರಿಗೆ ೨೦, ಮುಂದೆ ಓದಿದವರಿಗೆ ೨೪. ಅಂಕ ಅಲ್ಲಿಗೆ ಇಳಿದರೆ ಮಾತ್ರ ಸಂಶಯ. ಹಾಗೆ ಲೆಕ್ಕ ಹಾಕಿದ ಮೇಲೂ ಓದಿಲ್ಲದವರಲ್ಲಿಯೇ ರೋಗ ಹೆಚ್ಚೆಂದು ಕಂಡಿತು. ಓದು ಪರೀಕ್ಷೆಯಲ್ಲಿ ಮಾತ್ರವೇ ನೆರವಾಗುವುದೋ, ಮಿದುಳಿಗೂ ಒಂದಿಷ್ಟು ಕಾಪನ್ನು ಕೊಡುವುದೋ ಎಂಬ ಚರ್ಚೆಗೆ ಈ ಫಲಿತಾಂಶ ಬಹಳ ಬಲ ಕೊಟ್ಟಿತು.

ಜಪಾನಿನ ಕಜುವೊ ಹಸೆಗಾವ ಅವರು ಫೋಲ್‌ಸ್ಟೀನರಿಗಿಂತ ಒಂದು ವರ್ಷ ಮೊದಲೇ, ೧೯೭೪ರಲ್ಲಿ, ತಮ್ಮದೇ ಪರೀಕ್ಷೆ ರಚಿಸಿದರು. ೧೯೯೧ರಲ್ಲಿ ತಿದ್ದಿದ ರೂಪದಲ್ಲಿ ಓದುವುದಿಲ್ಲ, ಬರೆಯುವುದಿಲ್ಲ, ಚಿತ್ರ ಬಿಡಿಸುವುದಿಲ್ಲ. ಮೂರು ಪದಗಳೂ ಅಲ್ಲಿಯವೇ: ಚೆರಿ ಹೂವು, ಬೆಕ್ಕು, ರೈಲು. ನೆನಪಾಗದಿದ್ದರೆ ‘ಒಂದು ಪ್ರಾಣಿ’, ‘ಒಂದು ವಾಹನ’ ಎಂದು ಸುಳಿವು ಕೊಡುವುದು. ಸುಳಿವಿನಿಂದ ಬಂದರೆ ಅರ್ಧ ಅಂಕ. ಐದು ವಸ್ತುಗಳನ್ನು ತೋರಿಸಿ ಮರೆಮಾಡಿ ಏನೇನಿದ್ದವೆಂದು ಕೇಳುವುದೂ ಉಂಟು. ಫ್ರಾಂಕ್‌ಫರ್ಟಿನ ಪೆನ್ಸಿಲು, ಬೀಗದ ಕೈಗಳು ಹೀಗೆ ಜಪಾನಿನಲ್ಲಿ ಮರಳಿ ಬಂದವು. ಹಸೆಗಾವ ಅವರ ಇನ್ನೊಂದು ಕೆಲಸ ಮಾತಿಗೆ ಸಂಬಂಧಿಸಿದುದು. ಜಪಾನೀ ಭಾಷೆಯಲ್ಲಿ ಈ ರೋಗಕ್ಕಿದ್ದ ‘ಚಿಹೋ’ ಎಂಬ ಹೆಸರಿನಲ್ಲಿ ಪೆದ್ದುತನದ ಬೈಗುಳವಿದ್ದಿತು. ಅದನ್ನು ೨೦೦೪ರಲ್ಲಿ ತೆಗೆದು ‘ನಿಂಚಿಶೋ’ ಎಂಬ ಅವಮಾನವಿಲ್ಲದ ಪದವನ್ನು ತಂದವರಲ್ಲಿ ಅವರೂ ಒಬ್ಬರು.

ಅಮೆರಿಕದ ಹ್ಯೂ ಹೆಂಡ್ರಿ ಮತ್ತು ಕ್ಯಾಥ್ಲೀನ್ ಹಾಲ್ ಹಿಡಿದ ದಾರಿ ಬೇರೆ. ಕೆನಡದ ಮ್ಯಾನಿಟೋಬ ಪ್ರಾಂತದ ಕ್ರೀ ಮೂಲನಿವಾಸಿಗಳಲ್ಲಿ ಅವರು ಹೊಸ ಪರೀಕ್ಷೆಯನ್ನು ಕಟ್ಟಿದರು. ರೋಗಿಯನ್ನು ಪ್ರಶ್ನಿಸುವುದರ ಜೊತೆಗೆ ಮನೆಯವರನ್ನೂ ಪ್ರಶ್ನಿಸುವುದು ಅದರ ವಿಶೇಷ. ಮೊದಲು ಮಾಡುತ್ತಿದ್ದ ಕೆಲಸವನ್ನು ಈಗ ಮಾಡುತ್ತಾರೆಯೆ, ಹೇಳಿದ್ದನ್ನೇ ಹೇಳುತ್ತಾರೆಯೆ, ಗುರುತಿನವರನ್ನು ಮರೆಯುತ್ತಾರೆಯೆ? ಇಲ್ಲಿ ಮನುಷ್ಯನನ್ನು ಓದಿದ ಇನ್ನೊಬ್ಬನೊಡನೆ ಹೋಲಿಸುವುದಿಲ್ಲ. ಅವನ ನಿನ್ನೆಯೊಡನೆ ಅವನ ಇಂದನ್ನು ಹೋಲಿಸುತ್ತಾರೆ. ಆಮೇಲೆ ಇದೇ ಪರೀಕ್ಷೆಯನ್ನು ನೈಜೀರಿಯದ ಇಬಾದಾನ್ ನಗರದ ಯೊರುಬ ಜನರಲ್ಲಿಯೂ ಅಮೆರಿಕದ ಇಂಡಿಯಾನಾಪೊಲಿಸ್ಸಿನ ಆಫ್ರಿಕನ್ ಮೂಲದವರಲ್ಲಿಯೂ ನಡೆಸಿದರು. ನೈಜೀರಿಯದ ವೈದ್ಯ ಒಸುಂಟೊಕುನ್ ಅದರಲ್ಲಿ ದೊಡ್ಡ ಪಾತ್ರ ವಹಿಸಿದರು. ೧೯೯೫ರಲ್ಲಿ ಪ್ರಕಟವಾದ ಲೆಕ್ಕದಂತೆ, ೬೫ ದಾಟಿದವರಲ್ಲಿ ಆಲ್ಝೈಮರ್ ರೋಗ ಇಬಾದಾನಿನಲ್ಲಿ ಶೇಕಡ ೧.೪೧, ಇಂಡಿಯಾನಾಪೊಲಿಸ್ಸಿನಲ್ಲಿ ಶೇಕಡ ೬.೨೪. ಅಳತೆಗೋಲು ಸರಿಹೋದ ಮೇಲೆ ಉಳಿದ ಈ ವ್ಯತ್ಯಾಸವೇ ನಿಜವಾದ ಪ್ರಶ್ನೆ. ಆಹಾರವೆ, ರಕ್ತನಾಳಗಳ ರೋಗವೆ, ಬದುಕಿನ ರೀತಿಯೆ ಎಂಬ ಶೋಧನೆಗೆ ಅದು ದಾರಿಮಾಡಿತು.

ನಮ್ಮ ದೇಶದಲ್ಲಿ ಈ ಕೆಲಸದ ಮೊದಲ ದೊಡ್ಡ ಹೆಜ್ಜೆ ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಮೂಡಿತು. ಮೇರಿ ಗಂಗೂಲಿ, ವಿಜಯ್ ಚಂದ್ರ ಮತ್ತು ಅವರ ಸಂಗಡಿಗರು ಮಿನಿ ಮೆಂಟಲ್ಲಿನ ಹಿಂದೀ ರೂಪವನ್ನು ೧೯೯೫ರಲ್ಲಿ ಪ್ರಕಟಿಸಿದರು. ಏಳೇಳನ್ನು ಕಳೆಯುವುದು ಹೋಗಿ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳುವುದು ಬಂದಿತು. ಬರಹವನ್ನು ಓದಿ ಕಣ್ಣು ಮುಚ್ಚುವ ಬದಲು, ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎಂದು ಪರೀಕ್ಷಕನೇ ಕಣ್ಣು ಮುಚ್ಚುತ್ತಿದ್ದ. ವಾಕ್ಯ ಬರೆಯುವ ಬದಲು ತಮ್ಮ ಮನೆಯ ವಿಷಯವಾಗಿ ಒಂದು ಮಾತು ಹೇಳಿದರಾಯಿತು. ನಾಲಗೆ ತೊಡಕಿನ ವಾಕ್ಯಕ್ಕೆ ‘ನ ಯಹ್, ನ ವಹ್’ ಎಂಬ ಸರಳವಾದ ಮಾತು. ಚೀಟಿಯ ಮೇಲೆ ಓದಬೇಕಾಗಿದ್ದ ಹತ್ತು ಪದಗಳ ಪಟ್ಟಿಯನ್ನು ಬಾಯಲ್ಲಿಯೇ ಹೇಳಿದರು. ೫೫ ದಾಟಿದ ೫,೧೨೬ ಮಂದಿಯನ್ನು ಹೀಗೆ ನೋಡಿದರು. ಅವರಲ್ಲಿ ಶೇಕಡ ೭೩ ಮಂದಿಗೆ ಓದುಬರಹವಿರಲಿಲ್ಲ. ೬೫ ದಾಟಿದವರಲ್ಲಿ ಆಲ್ಝೈಮರ್ ಶೇಕಡ ೧.೦೭ ಎಂದು ೧೯೯೮ರಲ್ಲಿ ತಿಳಿಸಿದರು. ಪಶ್ಚಿಮದ ಲೆಕ್ಕಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಹಿರಿಯರಿಗೆ ಯಾವ ಕೆಲಸವನ್ನೂ ಹಚ್ಚದ ಮನೆಯಲ್ಲಿ ಅವರ ಕುಂದು ಯಾರ ಕಣ್ಣಿಗೂ ಬೀಳದಿರಬಹುದೆಂದು ಸಂಶೋಧಕರು ಎಣಿಸಿ, ಹಳ್ಳಿಯ ಬದುಕಿಗೆ ಹೊಂದುವ ದಿನಬಳಕೆಯ ಪ್ರಶ್ನೆಗಳ ಪಟ್ಟಿಯೊಂದನ್ನೂ ಬೇರೆಯಾಗಿ ಸಿದ್ಧಪಡಿಸಿದರು.

೧೯೯೮ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರ ಬಳಗವೊಂದು ‘೧೦/೬೬’ ಎಂಬ ವಿಚಿತ್ರವಾದ ಹೆಸರನ್ನಿಟ್ಟುಕೊಂಡಿತು. ಈ ರೋಗದವರಲ್ಲಿ ಶೇಕಡ ೬೬ ಮಂದಿ ಇರುವುದು ಬಡ ದೇಶಗಳಲ್ಲಿ. ಸಂಶೋಧನೆಯಲ್ಲಿ ಶೇಕಡ ೧೦ ಕೂಡ ಅವರ ಪಾಲಿಗಿಲ್ಲ. ಆ ಅನ್ಯಾಯವನ್ನೇ ಅವರು ಹೆಸರಾಗಿಸಿದರು. ಕೇರಳದ ಕೋಳಿಕ್ಕೋಡಿನಲ್ಲಿ ಪದಗಳ ಬದಲು ಬಣ್ಣದ ಚಿತ್ರಗಳನ್ನು ತೋರಿಸಿ ನೆನೆಯಹೇಳುವ ಪರೀಕ್ಷೆಯ ವಿವರ ೨೦೧೨ರಲ್ಲಿ ಬಂದಿತು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ೬೪೮ ರೋಗಿಗಳನ್ನು ನೋಡಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿದೆಯೆಂದೂ ಓದುಬರಹವಿಲ್ಲದವರಲ್ಲಿಯೂ ಹಾಗೆಯೇ ಎಂದೂ ೨೦೧೩ರಲ್ಲಿ ತಿಳಿಸಿದರು. ಸಂತೆಯಲ್ಲಿ ಕಲಿತ ಎರಡನೆಯ ಭಾಷೆಯೂ ಒಂದು ವಿದ್ಯೆಯೇ ಎಂದಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದಲ್ಲಿಯೂ ಪರೀಕ್ಷಾಮಾಲೆಯೊಂದು ಸಿದ್ಧವಾಗಿ ಅದರ ವಿವರ ೨೦೨೦ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷಗಳ ಕಾಲ ಅನುಸರಿಸಿ ನೋಡುವ ದೊಡ್ಡ ಅಧ್ಯಯನವನ್ನೂ ಕೈಗೊಂಡಿದ್ದಾರೆ. ಇದು ಎಷ್ಟು ಅಗತ್ಯವೆಂಬುದನ್ನು ೨೦೨೩ರಲ್ಲಿ ಹೊರಬಂದ ಅಂದಾಜೊಂದು ಹೇಳುತ್ತದೆ: ಭಾರತದಲ್ಲಿ ೬೦ ದಾಟಿದವರಲ್ಲಿ ಶೇಕಡ ೭.೪, ಎಂದರೆ ಸುಮಾರು ೮೮ ಲಕ್ಷ ಮಂದಿ ಮರೆಗುಳಿತನದ ರೋಗದವರು.

ಭಾಷೆಯನ್ನೂ ಶಾಲೆಯನ್ನೂ ಪೂರ್ತಿಯಾಗಿ ದಾಟುವ ಪರೀಕ್ಷೆ ಸಾಧ್ಯವೆ? ಇದಕ್ಕೆ ಕುತೂಹಲದ ಉತ್ತರವೊಂದು ದಕ್ಷಿಣ ಅಮೆರಿಕದಿಂದ ಬಂದಿದೆ. ಕೊಲಂಬಿಯದ ಆಂಟಿಯೋಕಿಯ ಬೆಟ್ಟಗಳ ಕೆಲವು ವಂಶಗಳಲ್ಲಿ ನಲವತ್ತರ ಹರೆಯದಲ್ಲಿಯೇ ನೆನಪು ಹಾಳಾಗುವ ಆಲ್ಝೈಮರ್ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಊರವರು ಅದನ್ನು ‘ಲಾ ಬೊಬೆರಾ’, ಎಂದರೆ ಮಂಕುತನ, ಎಂದು ಕರೆಯುತ್ತಿದ್ದರು; ನಮ್ಮ ಅರಳುಮರಳಿಗೆ ಹತ್ತಿರದ ಮಾತು. ೨೦೨೪ರಲ್ಲಿ ತೀರಿಕೊಂಡ ವೈದ್ಯ ಫ್ರಾನ್ಸಿಸ್ಕೊ ಲೊಪೆರಾ ತಮ್ಮ ಆಯುಷ್ಯವನ್ನೆಲ್ಲ ಈ ಕುಟುಂಬಗಳಿಗಾಗಿ ಸವೆಸಿದರು. ಮಾರಿಯೊ ಪಾರ್ರಾ, ಸೆರ್ಜಿಯೊ ದೆಲ್ಲಾ ಸಾಲಾ ಮತ್ತು ಸಂಗಡಿಗರು ಇವರಲ್ಲಿ ನಡೆಸಿದ ಪರೀಕ್ಷೆಯ ಫಲ ೨೦೧೦ರಲ್ಲಿ ಪ್ರಕಟವಾಯಿತು. ಪರದೆಯ ಮೇಲೆ ಹೆಸರಿಡಲಾಗದ ಆಕಾರಗಳು, ಒಂದೊಂದಕ್ಕೂ ಒಂದು ಬಣ್ಣ. ಕ್ಷಣಕಾಲ ಮರೆಯಾಗಿ ಮತ್ತೆ ಕಾಣಿಸುತ್ತವೆ. ಮೊದಲಿನಂತೆಯೇ ಇವೆಯೋ, ಬಣ್ಣ ಅದಲುಬದಲಾಗಿದೆಯೋ ಹೇಳಬೇಕು. ಆಕಾರವನ್ನಷ್ಟೇ ನೆನೆಯಬೇಕಾದಾಗ ತೊಂದರೆಯಿಲ್ಲ. ಯಾವ ಆಕಾರಕ್ಕೆ ಯಾವ ಬಣ್ಣವೆಂಬ ಗಂಟು ಹಾಕಬೇಕಾದಾಗ ರೋಗಿಗಳು ಸೋತರು. ರೋಗದ ಬೀಜವನ್ನು ಹೊತ್ತಿದ್ದೂ ಇನ್ನೂ ಯಾವ ಲಕ್ಷಣವೂ ತೋರದಿದ್ದವರು ಕೂಡ ಎಡವಿದರು. ವಯಸ್ಸು ಮಾತ್ರದಿಂದ ಈ ಗಂಟು ಸಡಿಲವಾಗುವುದಿಲ್ಲವೆಂಬುದು ಇನ್ನೂ ಮುಖ್ಯ. ಗಾದೆ ಒಂದಾಗಿಸಿದ್ದ ಎರಡು ಮರೆವುಗಳನ್ನು ಬೇರ್ಪಡಿಸುವ ಗೆರೆಯ ಒಂದು ತುದಿ ಇಲ್ಲಿ ಸಿಕ್ಕಂತಾಯಿತು. ಆದರೂ ಇದನ್ನು ಕೊನೆಯ ಮಾತೆಂದು ನಾನು ಹೇಳಲಾರೆ. ಪರದೆಯ ಮೇಲಿನ ಕೋನಗಳನ್ನು ನಿಟ್ಟಿಸಿ ನೋಡುವುದೂ ಒಂದು ಅಭ್ಯಾಸ. ಎಲ್ಲ ಹಳ್ಳಿಗಳ ಕಣ್ಣಿಗೂ ಅದು ಪಳಗಿಲ್ಲ.

೨೦೨೫ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ, ೫೫ ದಾಟಿ ಮರೆವಿನ ಲಕ್ಷಣ ಕಂಡವರಲ್ಲಿ ಈ ರೋಗದ ಗುರುತನ್ನು ಹುಡುಕುವ ರಕ್ತಪರೀಕ್ಷೆಯೊಂದಕ್ಕೆ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು. ಹಾಗಾದರೆ ಪ್ರಶ್ನೆ ಕೇಳುವ ಕಾಲ ಮುಗಿಯಿತೆ? ನನಗೆ ಹಾಗೆ ತೋರುವುದಿಲ್ಲ. ರಕ್ತ ತೆಗೆಯಬೇಕೆಂದು ತೀರ್ಮಾನಿಸುವ ಮೊದಲು ಲಕ್ಷಣ ಕಾಣಬೇಕು. ಅದನ್ನು ಕಾಣುವವರು ಮನೆಯವರು. ಅಲ್ಲದೆ ಮರೆವೆಲ್ಲವೂ ಆಲ್ಝೈಮರ್ ಅಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಬಿ ೧೨ ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವೂ ನೆನಪನ್ನು ಮಂಕುಗೊಳಿಸುತ್ತವೆ; ಇವುಗಳಿಗೆ ಚಿಕಿತ್ಸೆಯುಂಟು. ‘ವಯಸ್ಸಾಯಿತು’ ಎಂಬ ಒಂದೇ ಮಾತಿನಿಂದ ಬಾಗಿಲು ಹಾಕಿಕೊಂಡ ಮನೆಯಲ್ಲಿ ಗುಣವಾಗಬಹುದಾದುದೂ ಗುಣವಾಗದೆ ಹೋಗುತ್ತದೆ.

ಹಸೆಗಾವ ಅವರ ಕಥೆಗೆ ಇನ್ನೊಂದು ಅಧ್ಯಾಯವುಂಟು. ಜಪಾನಿನ ಲಕ್ಷಾಂತರ ಮುದುಕರ ನೆನಪನ್ನು ಅಳೆದ ಪರೀಕ್ಷೆಯನ್ನು ರಚಿಸಿದ ಆ ವೈದ್ಯರು, ತಮಗೇ ಮರೆಗುಳಿತನ ಬಂದಿದೆಯೆಂದು ೨೦೧೭ರಲ್ಲಿ ಎಲ್ಲರ ಮುಂದೆ ಹೇಳಿದರು. ಅವರದು ಆಲ್ಝೈಮರ್ ಅಲ್ಲ, ಮುಪ್ಪಿನಲ್ಲಿ ನಿಧಾನವಾಗಿ ಬರುವ ಇನ್ನೊಂದು ಬಗೆ. ನಾಚಿ ಮರೆಯಲ್ಲಿ ಕೂರಲಿಲ್ಲ. ಬರೆದರು, ಮಾತನಾಡಿದರು, ತಮ್ಮನ್ನೇ ಉದಾಹರಣೆಯಾಗಿ ತೋರಿಸಿದರು. ೨೦೨೧ರಲ್ಲಿ, ೯೨ರ ವಯಸ್ಸಿನಲ್ಲಿ, ತೀರಿಕೊಂಡರು.

ನೂರಿಪ್ಪತ್ತು ವರ್ಷಗಳ ಈ ಅಲೆದಾಟದಿಂದ ವೈದ್ಯರು ಕಲಿತುದನ್ನು ಎರಡು ಮಾತಿನಲ್ಲಿ ಹೇಳಬಹುದು. ಮನುಷ್ಯ ಎಂದೂ ಕಲಿಯದಿದ್ದುದನ್ನು ಮರೆತನೆಂದು ಬರೆಯಬಾರದು. ಚೆನ್ನಾಗಿ ಕಲಿತುದನ್ನು ಒಪ್ಪಿಸಿದ ಮಾತ್ರಕ್ಕೆ ನೆನಪು ನೆಟ್ಟಗಿದೆಯೆಂದೂ ಬರೆಯಬಾರದು. ನಮ್ಮ ಹಿರಿಯರನ್ನು ಪರೀಕ್ಷೆಗೆ ಕರೆದೊಯ್ಯುವಾಗ, ಅವರು ಎಷ್ಟು ಓದಿದವರು, ಯಾವ ಭಾಷೆಯವರು, ಕಳೆದ ವರ್ಷ ಏನೇನು ಮಾಡುತ್ತಿದ್ದರು, ಈ ವರ್ಷ ಯಾವುದನ್ನು ಬಿಟ್ಟರು ಎಂಬುದನ್ನು ಕೇಳಲಿ ಕೇಳದಿರಲಿ ವೈದ್ಯರ ಮುಂದೆ ಇಡಬೇಕಾದುದು ಜೊತೆಗೆ ಹೋದವರ ಕೆಲಸ. ಅಂಕ ಎಷ್ಟು ಬಂದಿತೆಂದು ಕೇಳುವ ಮೊದಲು, ಯಾವ ಪ್ರಶ್ನೆಯಲ್ಲಿ ಅಂಕ ಹೋಯಿತೆಂದು ಕೇಳಬೇಕು.